ತಾಪಮಾನ ಬೇರೆ, ತಾಪಮಾನದ ವ್ಯತ್ಯಾಸ ಬೇರೆ

ಮಾನ್ಯ ಸಂಪಾದಕರೇ,

ಬೇಸಿಗೆಯಲ್ಲಿ ಕಂಪ್ಯೂಟರ್‌ಗಳನ್ನು ಕಾಪಾಡಿಕೊಳ್ಳುವ ಬಗೆಯನ್ನು ಕುರಿತು ತಮ್ಮ ಪತ್ರಿಕೆಯ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ರಾಯಚೂರು, ಬಳ್ಳಾರಿ, ಕೊಪ್ಪಳದ ಓದುಗರಿಗೆ ನಿಜವಾಗಿಯೂ ಬೇಕಾದ ವಿಷಯವನ್ನೇ ಲೇಖಕರು ಆರಿಸಿಕೊಂಡಿದ್ದಾರೆ. ದೂಳು ತೆಗೆಯುವುದು, ಕಂಪ್ಯೂಟರಿನ ಮುಖ್ಯ ಚಿಪ್ ಆದ ಪ್ರೊಸೆಸರ್ ಮೇಲೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಬದಲಿಸುವುದು, ಕ್ಯಾಬಿನೆಟ್ಟನ್ನು ಗೋಡೆಗೆ ಒತ್ತಿ ಇಡದಿರುವುದು ಮುಂತಾಗಿ ಅವರು ಕೊಟ್ಟಿರುವ ಸಲಹೆಗಳೆಲ್ಲ ಸರಿಯಾಗಿವೆ. ಆದರೆ ನಡುವೆ ಒಂದು ಕಡೆ, ಕಂಪ್ಯೂಟರಿನೊಳಗೆ ಒಳ್ಳೆಯ ಕೂಲರ್ ಅಳವಡಿಸಿದರೆ ಪ್ರೊಸೆಸರ್‌ನ ತಾಪಮಾನ 10 ಡಿಗ್ರಿ ಸೆಲ್ಸಿಯಸ್‌ನಷ್ಟು, ಅಂದರೆ 50 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಇಳಿಯುತ್ತದೆ ಎಂದು ಬರೆಯಲಾಗಿದೆ. ಈ ಲೆಕ್ಕ ತಪ್ಪು. 10 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಕೆ ಫ್ಯಾರನ್‌ಹೀಟ್‌ನಲ್ಲಿ 18 ಡಿಗ್ರಿಯಷ್ಟು ಇಳಿಕೆಯಾಗುತ್ತದೆ. ರಾಯಚೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪ್ರಯೋಗಾಲಯದ ಉಸ್ತುವಾರಿ ನೋಡಿಕೊಳ್ಳುವ ನನಗೆ ಇದೇ ತಪ್ಪು ಅಂಗಡಿಗಳ ಕರಪತ್ರಗಳಲ್ಲಿ, ದರಪಟ್ಟಿಗಳಲ್ಲಿ, ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತಿರುವುದರಿಂದ, ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ದಯವಿಟ್ಟು ಸ್ಥಳಾವಕಾಶ ಕೊಡಬೇಕು.

ಶಾಲೆಯಲ್ಲಿ ನಾವೆಲ್ಲ ಕಲಿತ ಸೂತ್ರ ಸರಳವಾದದ್ದು. ಸೆಲ್ಸಿಯಸ್ ಅಂಕಿಯನ್ನು 1.8ರಿಂದ ಗುಣಿಸಿ 32 ಕೂಡಿಸಿದರೆ ಫ್ಯಾರನ್‌ಹೀಟ್ ಸಿಗುತ್ತದೆ. ಈ ಸೂತ್ರದಲ್ಲಿರುವ ಎರಡು ಸಂಖ್ಯೆಗಳು ಎರಡು ಬೇರೆ ಬೇರೆ ಕೆಲಸ ಮಾಡುತ್ತವೆ ಎಂಬುದನ್ನು ಮಾತ್ರ ಯಾರೂ ಒತ್ತಿ ಹೇಳುವುದಿಲ್ಲ. ನೀರು ಹೆಪ್ಪುಗಟ್ಟುವ ಬಿಂದುವಿನಿಂದ ಕುದಿಯುವ ಬಿಂದುವಿನವರೆಗೆ ಸೆಲ್ಸಿಯಸ್ ಮಾಪಕದಲ್ಲಿ 100 ಮನೆಗಳಿದ್ದರೆ ಫ್ಯಾರನ್‌ಹೀಟ್ ಮಾಪಕದಲ್ಲಿ 180 ಮನೆಗಳಿವೆ, 1.8 ಬಂದದ್ದು ಅಲ್ಲಿಂದ. ಫ್ಯಾರನ್‌ಹೀಟ್ 1724ರಲ್ಲಿ ಪ್ರಕಟಿಸಿದ ಮಾಪಕವೂ ಸೆಲ್ಸಿಯಸ್ 1742ರಲ್ಲಿ ಮುಂದಿಟ್ಟ ಮಾಪಕವೂ ಸೊನ್ನೆಯನ್ನು ಒಂದೇ ಜಾಗದಲ್ಲಿ ಇಟ್ಟುಕೊಂಡಿಲ್ಲ. 32 ಬಂದದ್ದು ಈ ಕಾರಣದಿಂದ. (ಸೆಲ್ಸಿಯಸ್ ಮೊದಲು ಕುದಿಯುವ ಬಿಂದುವಿಗೆ ಸೊನ್ನೆಯನ್ನೂ ಹೆಪ್ಪುಗಟ್ಟುವ ಬಿಂದುವಿಗೆ 100ನ್ನೂ ಕೊಟ್ಟಿದ್ದರು, ಈಗಿನ ಕ್ರಮ ಬಂದದ್ದು ಆಮೇಲೆ. ಸೊನ್ನೆಯನ್ನು ಎಲ್ಲಿ ಇಡಬೇಕೆಂಬುದು ಮನುಷ್ಯರು ಮಾಡಿಕೊಂಡ ಏರ್ಪಾಡು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.) ಹೀಗಾಗಿ 1.8 ಮನೆಯ ಅಳತೆಯನ್ನು ಹೊಂದಿಸುತ್ತದೆ, 32 ಸೊನ್ನೆಯ ಸ್ಥಾನವನ್ನು ಹೊಂದಿಸುತ್ತದೆ.

ಒಂದು ತಾಪಮಾನದಿಂದ ಇನ್ನೊಂದನ್ನು ಕಳೆದಾಗ ಸೊನ್ನೆ ಎಲ್ಲಿತ್ತೆಂಬ ಪ್ರಶ್ನೆಯೇ ಉಳಿಯುವುದಿಲ್ಲ. ಮೈಲಿಗಲ್ಲುಗಳ ಎಣಿಕೆ ರಾಯಚೂರಿನಿಂದ ಶುರುವಾಗಲಿ, ಹೈದರಾಬಾದಿನಿಂದ ಶುರುವಾಗಲಿ, ಮಾನ್ವಿಯಿಂದ ಸಿಂಧನೂರಿಗೆ ಇರುವ ದೂರ ಅಷ್ಟೇ ಇರುತ್ತದಲ್ಲವೇ? ಪ್ರೊಸೆಸರ್ 70 ಡಿಗ್ರಿಯಿಂದ 60ಕ್ಕೆ ಇಳಿಯಿತು ಎಂದುಕೊಳ್ಳಿ. 70 ಸೆಲ್ಸಿಯಸ್ ಎಂದರೆ 158 ಫ್ಯಾರನ್‌ಹೀಟ್, 60 ಎಂದರೆ 140. ಎರಡಕ್ಕೂ 32 ಸೇರಿಕೊಂಡಿರುವುದರಿಂದ ಕಳೆಯುವಾಗ ಅದು ತಾನಾಗಿ ಹೊರಟುಹೋಗಿ 18 ಉಳಿಯುತ್ತದೆ. ಸಂದೇಹ ಬಂದಾಗ ಯಾರು ಬೇಕಾದರೂ ಹೀಗೆ ಎರಡೂ ತುದಿಗಳನ್ನು ಬೇರೆ ಬೇರೆಯಾಗಿ ಪರಿವರ್ತಿಸಿ ಕಳೆದು ನೋಡಬಹುದು.

ಹಾಗಿದ್ದರೂ ಈ ತಪ್ಪು ಇಷ್ಟು ಹರಡಲು ಕಾರಣ ಮೊಬೈಲ್ ಎಂದು ನನ್ನ ಅಭಿಪ್ರಾಯ. ಪರಿವರ್ತಕದಲ್ಲಿ 10 ಸೆಲ್ಸಿಯಸ್ ಎಂದು ಹಾಕಿದರೆ ಅದು 50 ಎಂದೇ ಉತ್ತರಿಸುತ್ತದೆ, ಮತ್ತು ಆ ಉತ್ತರ ತನ್ನ ಮಟ್ಟಿಗೆ ಸರಿಯೂ ಹೌದು. ಏಕೆಂದರೆ ನಾವು ಕೇಳುತ್ತಿರುವುದು ಒಂದು ನಿರ್ದಿಷ್ಟ ತಾಪಮಾನವನ್ನೋ ಎರಡು ತಾಪಮಾನಗಳ ನಡುವಿನ ಅಂತರವನ್ನೋ ಎಂದು ತಿಳಿದುಕೊಳ್ಳುವ ದಾರಿ ಅದಕ್ಕಿಲ್ಲ. ಅದನ್ನು ತಿಳಿದಿರಬೇಕಾದವರು ಕೇಳುವವರು. ಇದರ ಜೊತೆಗೆ ನಮ್ಮಲ್ಲಿ ಎರಡೂ ಮಾಪಕಗಳು ಅಕ್ಕಪಕ್ಕದಲ್ಲೇ ಬಳಕೆಯಲ್ಲಿವೆ. ಬಿಸಿಲನ್ನು 42 ಎನ್ನುವ ನಾವೇ ಜ್ವರವನ್ನು 102 ಎನ್ನುತ್ತೇವೆ. 98.6 ಇರಬೇಕಾದ ಮೈಬಿಸಿ 102.2ಕ್ಕೆ ಹೋದರೆ ಏರಿದ್ದು 3.6 ಫ್ಯಾರನ್‌ಹೀಟ್, ಅಂದರೆ 2 ಸೆಲ್ಸಿಯಸ್. ಆ 2ನ್ನು ಸೂತ್ರಕ್ಕೆ ಹಾಕಿ 35.6 ಫ್ಯಾರನ್‌ಹೀಟ್‌ನಷ್ಟು ಜ್ವರ ಏರಿದೆ ಎಂದು ಯಾರಾದರೂ ಹೇಳಿದರೆ ಮನೆಯ ಅಜ್ಜಿಯೂ ಒಪ್ಪುವುದಿಲ್ಲ. ಪ್ರೊಸೆಸರ್‌ನ ವಿಷಯದಲ್ಲಿ ಅಂಥ ಅಂದಾಜು ನಮಗೆ ರೂಢಿಯಾಗಿಲ್ಲ. ಹೀಗಾಗಿ 50 ಎಂಬ ಅಂಕಿ ಕಣ್ಣಿಗೆ ಬಿದ್ದರೂ ಅನುಮಾನ ಹುಟ್ಟುವುದಿಲ್ಲ.

ತಪ್ಪಿನ ಗಾತ್ರ ಯಾವಾಗಲೂ ಒಂದೇ: 32 ಫ್ಯಾರನ್‌ಹೀಟ್, ಸೆಲ್ಸಿಯಸ್‌ನಲ್ಲಿ ಹೇಳುವುದಾದರೆ ಸುಮಾರು 17.8. ತಂಪುಗೊಳಿಸುವ ಲೆಕ್ಕದಲ್ಲಿ ಇದು ಏನು ಮಾಡುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಪ್ರೊಸೆಸರ್‌ನ ಬಿಸಿಯನ್ನು ಹೀರಿ ಗಾಳಿಗೆ ಬಿಡುವ ಲೋಹದ ಭಾಗವಾದ ಹೀಟ್ ಸಿಂಕ್‌ನ ಗುಣವನ್ನು ಪ್ರತಿ ವ್ಯಾಟ್‌ಗೆ ಎಷ್ಟು ಡಿಗ್ರಿ ಏರಿಕೆ ಎಂಬ ಅಳತೆಯಿಂದ ಹೇಳುತ್ತಾರೆ. 65 ವ್ಯಾಟ್ ಬಳಸುವ ಪ್ರೊಸೆಸರ್ ಮೇಲೆ, ಪೇಸ್ಟನ್ನೂ ಸೇರಿಸಿ, ವ್ಯಾಟ್‌ಗೆ 0.6 ಡಿಗ್ರಿ ಸೆಲ್ಸಿಯಸ್ ಏರಿಸುವ ಹೀಟ್ ಸಿಂಕ್ ಇದ್ದರೆ, ಒಳಗೆ ಬರುವ ಗಾಳಿಗಿಂತ ಪ್ರೊಸೆಸರ್ 39 ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ಕೋಣೆಯಲ್ಲಿ 41 ಡಿಗ್ರಿ ಇದ್ದರೆ ಪ್ರೊಸೆಸರ್ 80ರಲ್ಲಿರುತ್ತದೆ. ಇದನ್ನೇ ಫ್ಯಾರನ್‌ಹೀಟ್‌ನಲ್ಲಿ ಮಾಡೋಣ. ಕೋಣೆ 105.8, ಏರಿಕೆ 70.2, ಒಟ್ಟು 176. ಅದು 80 ಸೆಲ್ಸಿಯಸ್‌ಗೆ ಸರಿಯಾಗಿ ಹೊಂದುತ್ತದೆ. ಏರಿಕೆಯ 39ನ್ನು ಪೂರ್ತಿ ಸೂತ್ರಕ್ಕೆ ಹಾಕಿದರೆ 102.2 ಬಂದು, ಮೊತ್ತ 208 ಆಗಿ, ಪ್ರೊಸೆಸರ್ ಸುಮಾರು 98 ಡಿಗ್ರಿ ಸೆಲ್ಸಿಯಸ್‌ನಲ್ಲಿದೆ ಎಂಬ ತೀರ್ಮಾನಕ್ಕೆ ಬರುತ್ತೇವೆ. ಇಂಟೆಲ್‌ನ ಅನೇಕ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ತಮ್ಮನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುವ ಮಿತಿ 100 ಡಿಗ್ರಿ. 20 ಡಿಗ್ರಿಯಷ್ಟು ಅವಕಾಶ ಉಳಿದಿರುವ ಯಂತ್ರಕ್ಕೆ ಎರಡೇ ಡಿಗ್ರಿ ಉಳಿದಿದೆ ಎಂದು ಹೆದರಿ, ಬೇಡದ ಕೂಲರಿಗೆ ದುಡ್ಡು ಸುರಿದಂತಾಗುತ್ತದೆ.

ಪ್ರೊಸೆಸರ್‌ನ ತಾಪಮಾನ ತೋರಿಸುವ ಕೆಲವು ತಂತ್ರಾಂಶಗಳು ಮಿತಿಗೆ ಇನ್ನೂ ಎಷ್ಟು ಡಿಗ್ರಿ ಬಾಕಿ ಇದೆ ಎಂಬುದನ್ನೂ ತೋರಿಸುತ್ತವೆ. ಅದೂ ಅಂತರವೇ. 30 ಸೆಲ್ಸಿಯಸ್ ಬಾಕಿ ಎಂದರೆ 54 ಫ್ಯಾರನ್‌ಹೀಟ್ ಬಾಕಿ, 86 ಅಲ್ಲ.

ಮೇಲಿನ ಉದಾಹರಣೆಯಲ್ಲಿ ನಷ್ಟವಾದದ್ದು ಹಣ ಮಾತ್ರ. ಗಾಳಿಯ ಲೆಕ್ಕದಲ್ಲಿ ಇದೇ ತಪ್ಪು ಯಂತ್ರವನ್ನೇ ಕೆಡಿಸಬಲ್ಲದು, ಮತ್ತು ನಾನು ಈ ಪತ್ರ ಬರೆಯಲು ಮುಖ್ಯ ಕಾರಣ ಅದು. ಸರ್ವರ್‌ಗಳಿರುವ ರ್‍ಯಾಕ್‌ಗೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಬೇಕೆಂದು ಅಂದಾಜು ಮಾಡುವ ಸೂತ್ರ ಎರಡು ರೂಪಗಳಲ್ಲಿ ಬಳಕೆಯಲ್ಲಿದೆ. ಏರಿಕೆ ಫ್ಯಾರನ್‌ಹೀಟ್‌ನಲ್ಲಿದ್ದರೆ ವ್ಯಾಟ್‌ಗಳನ್ನು 3.16ರಿಂದ ಗುಣಿಸಿ ಏರಿಕೆಯಿಂದ ಭಾಗಿಸಬೇಕು, ಸೆಲ್ಸಿಯಸ್‌ನಲ್ಲಿದ್ದರೆ 3.16ರ ಬದಲು 1.76ರಿಂದ ಗುಣಿಸಬೇಕು. 3.16ನ್ನು 1.8ರಿಂದ ಭಾಗಿಸಿದರೆ 1.76 ಬರುತ್ತದೆ, 32ಕ್ಕೆ ಇಲ್ಲಿ ಜಾಗವೇ ಇಲ್ಲ ಎಂಬುದನ್ನು ಸೂತ್ರಗಳೇ ಹೇಳುತ್ತಿವೆ. ಈಗ 3,000 ವ್ಯಾಟ್ ಬಳಸುವ ರ್‍ಯಾಕ್ ಒಂದಿದೆ, ಅದರ ಮುಂದಿನಿಂದ ಹಿಂದಕ್ಕೆ ಹೋಗುವಾಗ ಗಾಳಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಬಾರದು ಎಂದುಕೊಳ್ಳೋಣ. ಸೆಲ್ಸಿಯಸ್ ಸೂತ್ರದ ಪ್ರಕಾರ ನಿಮಿಷಕ್ಕೆ 528 ಘನ ಅಡಿ ಗಾಳಿ ಬೇಕು. ಫ್ಯಾರನ್‌ಹೀಟ್ ಸೂತ್ರಕ್ಕೆ 18 ಹಾಕಿದರೂ ಸುಮಾರು 527 ಬರುತ್ತದೆ. ಆದರೆ ಕೈಗೆ ಸಿಕ್ಕಿದ್ದು ಅಮೆರಿಕದ ಕೈಪಿಡಿಯಾಗಿದ್ದು, ಅದರ ಸೂತ್ರಕ್ಕೆ 10ನ್ನು 50 ಎಂದು ಪರಿವರ್ತಿಸಿ ಹಾಕಿದವರಿಗೆ 190 ಘನ ಅಡಿ ಸಾಕೆಂಬ ಉತ್ತರ ಸಿಗುತ್ತದೆ. ಬೇಕಾದ ಗಾಳಿಯಲ್ಲಿ ಇದು ಸರಿಸುಮಾರು ಮೂರರಲ್ಲೊಂದು ಪಾಲು. ಆ ಲೆಕ್ಕದ ಫ್ಯಾನ್‌ಗಳನ್ನು ಕೂರಿಸಿದರೆ ಗಾಳಿ 10 ಡಿಗ್ರಿಯ ಬದಲು ಸುಮಾರು 28 ಡಿಗ್ರಿ ಏರುತ್ತದೆ; 30ರಲ್ಲಿ ಒಳಗೆ ಬಂದ ಗಾಳಿ 40ರ ಬದಲು 58ರಲ್ಲಿ ಹೊರಗೆ ಹೋಗುತ್ತದೆ. ರ್‍ಯಾಕ್‌ನ ಹಿಂಭಾಗದಲ್ಲಿರುವ ಪವರ್ ಸಪ್ಲೈ, ಕೇಬಲ್ಲು, ಸ್ವಿಚ್ಚುಗಳೆಲ್ಲ ಆ ಬಿಸಿಯಲ್ಲೇ ಹಗಲೂ ರಾತ್ರಿ ಇರಬೇಕಾಗುತ್ತದೆ.

ಬೆಂಗಳೂರಿನಂಥ ಊರಿನಲ್ಲಿ ಇಂಥ ತಪ್ಪು ವರ್ಷದ ಬಹುಪಾಲು ಮುಚ್ಚಿಹೋಗಬಹುದು. ನಮ್ಮಲ್ಲಿ ಅದಕ್ಕೆ ಅವಕಾಶವಿಲ್ಲ. ಬೇಸಿಗೆಯಲ್ಲಿ 40 ದಾಟುವುದು ರಾಯಚೂರಿಗೆ ವಿಶೇಷವಲ್ಲ; ಕರೆಂಟು ಹೋದಾಗ ಯುಪಿಎಸ್ ಮೇಲೆ ಸರ್ವರ್‌ಗಳು ನಡೆಯುತ್ತಿರುತ್ತವೆ, ಏಸಿ ನಿಂತಿರುತ್ತದೆ. ಸರ್ವರ್‌ಗಳ ಮುಂಬದಿಯ ಗಾಳಿ 18ರಿಂದ 27 ಡಿಗ್ರಿಯೊಳಗೆ ಇರಲಿ ಎಂದು ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಸ್ಥೆಯಾದ ಆಶ್ರೇಯ ಮಾರ್ಗಸೂಚಿ ಹೇಳುತ್ತದೆ. ಅಂಥ ಸ್ಥಿತಿಯಿಂದ ನಾವು ಮೊದಲೇ ದೂರವಿದ್ದೇವೆ. ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಮೇಲಿರುವ ಊರು, ಮೇಲಾಗಿ ಬಿಸಿ ಗಾಳಿ. ಎರಡೂ ಸೇರಿ ಗಾಳಿಯ ಸಾಂದ್ರತೆ ತಗ್ಗುವುದರಿಂದ ಸೂತ್ರ ಹೇಳಿದ್ದಕ್ಕಿಂತ ಹತ್ತರಲ್ಲೊಂದು ಪಾಲು ಹೆಚ್ಚು ಗಾಳಿಯನ್ನೇ ಇಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್ ಕಾರ್ಖಾನೆಗಳ ಕಚೇರಿಗಳಲ್ಲಿ ದೂಳು, ನಾರು ಸೇರಿ ಫ್ಯಾನ್ ಜಾಲರಿಗಳು ಬೇಗ ಕಟ್ಟಿಕೊಳ್ಳುತ್ತವೆ. ಹೀಗೆ ಎಲ್ಲ ದಿಕ್ಕಿನಿಂದಲೂ ಇಕ್ಕಟ್ಟಾಗಿರುವಾಗ ಕಾಗದದ ಮೇಲಿನ ಲೆಕ್ಕವಾದರೂ ಸರಿಯಾಗಿರಬೇಕು.

ಇನ್ನು ತಿರುಗುಮುರುಗಾದ, ಅಂದರೆ ಫ್ಯಾರನ್‌ಹೀಟ್‌ನಿಂದ ಸೆಲ್ಸಿಯಸ್‌ಗೆ ಮಾಡುವ ಪರಿವರ್ತನೆ. ಅಮೆರಿಕದ ವಿಮರ್ಶೆಯೊಂದು ಯಾವುದೋ ಕೂಲಿಂಗ್ ಪ್ಯಾಡ್ ಲ್ಯಾಪ್‌ಟಾಪನ್ನು 9 ಫ್ಯಾರನ್‌ಹೀಟ್‌ನಷ್ಟು ತಂಪು ಮಾಡಿತು ಎಂದರೆ ಅದು 5 ಸೆಲ್ಸಿಯಸ್. 9ರಿಂದ 32 ಕಳೆದು 1.8ರಿಂದ ಭಾಗಿಸಿದವರಿಗೆ ಮೈನಸ್ 12.8 ಸಿಗುತ್ತದೆ. ಇಳಿಕೆಯೆಂದ ಮೇಲೆ ಮೈನಸ್ ಚಿಹ್ನೆ ಸಹಜವೇ ಎಂದುಕೊಂಡು ಅದನ್ನು ಕೈಬಿಟ್ಟು 12.8 ಡಿಗ್ರಿ ಇಳಿಕೆ ಎಂದು ಬರೆದುಬಿಡುತ್ತಾರೆ. ಐದು ಡಿಗ್ರಿಯ ಪ್ರಯೋಜನ ಎರಡೂವರೆ ಪಟ್ಟಾಗಿ ಮಾರಾಟವಾಗುತ್ತದೆ. ಮಾರುವವರು ಬೇಕೆಂದೇ ಹೀಗೆ ಮಾಡುತ್ತಾರೆಂದು ನಾನು ಹೇಳುತ್ತಿಲ್ಲ. ಅವರಿಗೂ ಮೊಬೈಲೇ ಆಧಾರ.

ಶೇಕಡಾವಾರು ಹೇಳಿಕೆಗಳು ಇದಕ್ಕಿಂತ ಸೂಕ್ಷ್ಮವಾದ ತೊಡಕನ್ನು ಒಡ್ಡುತ್ತವೆ. ಪ್ರೊಸೆಸರ್ 80ರಿಂದ 72ಕ್ಕೆ ಇಳಿದರೆ ಶೇ 10ರಷ್ಟು ತಂಪಾಯಿತು ಎಂದು ಪೆಟ್ಟಿಗೆಯ ಮೇಲೆ ಬರೆಯುತ್ತಾರೆ. ಅದೇ ಇಳಿಕೆಯನ್ನು ಫ್ಯಾರನ್‌ಹೀಟ್‌ನಲ್ಲಿ ನೋಡಿದರೆ 176ರಿಂದ 161.6ಕ್ಕೆ ಇಳಿದಿದೆ, ಅಂದರೆ ಶೇ 8.2. ಸುಮಾರು ಮೈನಸ್ 273 ಸೆಲ್ಸಿಯಸ್‌ನಲ್ಲಿ ಸೊನ್ನೆ ಇಟ್ಟುಕೊಂಡಿರುವ ಕೆಲ್ವಿನ್ ಮಾಪಕದಲ್ಲಿ ನೋಡಿದರೆ ಶೇ 2.3ರಷ್ಟೂ ಇಲ್ಲ. ಅದೇ ಯಂತ್ರ, ಅದೇ ಕೂಲರ್. ಮಾಪಕ ಬದಲಾದಂತೆ ಸಾಧನೆಯೂ ಬದಲಾಗುವುದಾದರೆ ಆ ಶೇಕಡಾ ಲೆಕ್ಕಕ್ಕೆ ಅರ್ಥವೇ ಇಲ್ಲ. ಕೋಣೆಯ ತಾಪಮಾನಕ್ಕಿಂತ ಎಷ್ಟು ಏರಿದೆ ಎಂಬುದನ್ನು ಹಿಡಿದು ನೋಡಿದರೆ ಮಾತ್ರ ಈ ಗೊಂದಲ ಬಗೆಹರಿಯುತ್ತದೆ. ಕೋಣೆ 40 ಡಿಗ್ರಿ ಇದ್ದಾಗ ಮೊದಲಿನ ಏರಿಕೆ 40, ಈಗಿನ ಏರಿಕೆ 32. ಫ್ಯಾರನ್‌ಹೀಟ್‌ನಲ್ಲಿ 72 ಮತ್ತು 57.6. ಯಾವ ಮಾಪಕದಲ್ಲಿ ಲೆಕ್ಕ ಮಾಡಿದರೂ ಏರಿಕೆ ಶೇ 20ರಷ್ಟು ತಗ್ಗಿದೆ. ಕೂಲರ್ ಒಂದರ ನಿಜವಾದ ಸಾಮರ್ಥ್ಯವನ್ನು ಹೇಳುವ ಅಂಕಿ ಇದೇ, ಮತ್ತು ಇಲ್ಲಿ ತಯಾರಕರು ತಮಗೆ ಸಿಗಬೇಕಾದ್ದಕ್ಕಿಂತ ಕಡಿಮೆಯನ್ನೇ ಹೇಳಿಕೊಂಡಿರುತ್ತಾರೆ ಎಂಬುದೂ ಗಮನಿಸಬೇಕಾದ ಸಂಗತಿ.

ಏರಿಕೆಯನ್ನು ಹಿಡಿದು ಯೋಚಿಸುವ ರೂಢಿಯಿಂದ ದಿನನಿತ್ಯದ ನಿರ್ವಹಣೆಗೂ ಅನುಕೂಲವಿದೆ. ಬೆಳಿಗ್ಗೆ ಕೋಣೆ 30 ಇದ್ದಾಗ 69 ತೋರಿಸಿದ ಪ್ರೊಸೆಸರ್ ಮಧ್ಯಾಹ್ನ ಅದೇ ಕೆಲಸ ಮಾಡುತ್ತ 80 ತೋರಿಸಿದರೆ ಯಂತ್ರ ಕೆಟ್ಟಿದೆ ಎಂದು ಸರ್ವೀಸಿಗೆ ಹೊತ್ತೊಯ್ಯುವವರಿದ್ದಾರೆ. ಕೋಣೆಯೇ 41ಕ್ಕೆ ಏರಿದ್ದರೆ ಎರಡೂ ಹೊತ್ತಿನಲ್ಲಿ ಏರಿಕೆ 39 ಡಿಗ್ರಿಯೇ. ಹೀಟ್ ಸಿಂಕ್‌ನಲ್ಲಿ ಏನೂ ದೋಷವಿಲ್ಲ. ಒಂದೇ ಫ್ಯಾನ್ ವೇಗ, ಒಂದೇ ಕೆಲಸದ ಹೊರೆ ಇದ್ದಾಗ ಏರಿಕೆ 48 ಆಗಿದ್ದರೆ ಆಗ ದೂಳು ಕಟ್ಟಿದೆ ಅಥವಾ ಪೇಸ್ಟ್ ಒಣಗಿದೆ ಎಂದು ತಿಳಿಯಬೇಕು. ಅಳೆಯುವಾಗ ಥರ್ಮಾಮೀಟರನ್ನು ಕ್ಯಾಬಿನೆಟ್‌ಗೆ ಗಾಳಿ ಹೋಗುವ ಬದಿಯಲ್ಲಿ ಇಡಬೇಕು. ಏಸಿಯ ರಿಮೋಟ್‌ನಲ್ಲಿ ಕಾಣುವ 24 ಕೋಣೆಯ ತಾಪಮಾನವಲ್ಲ, ನಾವು ಕೇಳಿಕೊಂಡ ತಾಪಮಾನ. ಹಾಗೆಯೇ 25 ಡಿಗ್ರಿಯ ಕೋಣೆಯಲ್ಲಿ ಪರೀಕ್ಷಿಸಿ 64 ಬಂತೆಂದು ಬರೆದ ವಿಮರ್ಶೆಯನ್ನು ನಂಬಿ ಕೊಂಡ ಕೂಲರ್ ನಮ್ಮಲ್ಲಿ 41ರ ಕೋಣೆಯಲ್ಲಿ ಕನಿಷ್ಠ 80 ತೋರಿಸುತ್ತದೆ. ಬಿಸಿ ಹೆಚ್ಚಿದಂತೆ ಚಿಪ್‌ನ ವಿದ್ಯುತ್ ಸೋರಿಕೆಯೂ ಸ್ವಲ್ಪ ಹೆಚ್ಚುವುದರಿಂದ ಒಂದೆರಡು ಡಿಗ್ರಿ ಮೇಲೆಯೇ ಇದ್ದೀತು. ಅದಕ್ಕಾಗಿ ಅಂಗಡಿಯವರೊಡನೆ ಜಗಳಕ್ಕೆ ನಿಲ್ಲುವುದು ನ್ಯಾಯವಲ್ಲ.

ಕೆಲ್ವಿನ್ ವಿಷಯದಲ್ಲಿ ಕೆಲಸ ಇನ್ನೂ ಸುಲಭ. ಅದರ ಮನೆಯ ಅಳತೆ ಸೆಲ್ಸಿಯಸ್‌ನದ್ದೇ ಆದ್ದರಿಂದ 10 ಸೆಲ್ಸಿಯಸ್‌ನಷ್ಟು ಏರಿಕೆ ಎಂದರೆ 10 ಕೆಲ್ವಿನ್‌ನಷ್ಟೇ ಏರಿಕೆ. ಹೀಟ್ ಸಿಂಕ್‌ನ ವಿವರಪಟ್ಟಿಯಲ್ಲಿ ವ್ಯಾಟ್‌ಗೆ 0.6 ಕೆಲ್ವಿನ್ ಎಂದಿದ್ದರೆ 273 ಕೂಡಿಸುವ, ಕಳೆಯುವ ಗೋಜಿಗೇ ಹೋಗಬೇಕಾಗಿಲ್ಲ.

ಒಂದೇ ವಾಕ್ಯದಲ್ಲಿ ತಾಪಮಾನವೂ ಅಂತರವೂ ಕೂಡಿ ಬಂದಾಗ ಎಚ್ಚರ ಹೆಚ್ಚು ಬೇಕು. ಯುಪಿಎಸ್‌ನ ಲೆಡ್ ಆಸಿಡ್ ಬ್ಯಾಟರಿಗಳ ಬಗ್ಗೆ ಅಮೆರಿಕದ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಸೂತ್ರ, 77 ಫ್ಯಾರನ್‌ಹೀಟ್ ಮೀರಿದ ಪ್ರತಿ 15 ಫ್ಯಾರನ್‌ಹೀಟ್‌ಗೆ ಬ್ಯಾಟರಿಯ ಆಯುಷ್ಯ ಅರ್ಧವಾಗುತ್ತದೆ ಎನ್ನುತ್ತದೆ. ಇಲ್ಲಿ 77 ಒಂದು ತಾಪಮಾನ. ಅದರಿಂದ 32 ಕಳೆದು 1.8ರಿಂದ ಭಾಗಿಸಬೇಕು, 25 ಸೆಲ್ಸಿಯಸ್ ಬರುತ್ತದೆ. 15 ಅಂತರ, ಅದನ್ನು 1.8ರಿಂದ ಭಾಗಿಸಿದರೆ ಸಾಕು, 8.3 ಬರುತ್ತದೆ. ಅಂದರೆ 33 ಡಿಗ್ರಿಯ ಕೋಣೆಯಲ್ಲಿಟ್ಟ ಬ್ಯಾಟರಿ ಅರ್ಧ ಆಯುಷ್ಯಕ್ಕೇ ಬದಲಿಸಬೇಕಾಗಬಹುದು. ಬ್ಯಾಟರಿಗಳನ್ನು ಮೆಟ್ಟಿಲಡಿಯಲ್ಲೋ ಕಿಟಕಿಯಿಲ್ಲದ ಮೂಲೆಯಲ್ಲೋ ತುರುಕಿಡುವ ನಮ್ಮ ಭಾಗದ ಶಾಲೆ, ಬ್ಯಾಂಕು, ಪಂಚಾಯಿತಿ ಕಚೇರಿಗಳಿಗೆ ಇದು ನೇರವಾಗಿ ಸಂಬಂಧಿಸಿದ ಲೆಕ್ಕ. ಎರಡೂ ಅಂಕಿಗಳಿಗೂ 32 ಕಳೆದವರಿಗೆ ಎರಡನೆಯದು ಮೈನಸ್ 9.4 ಎಂದು ಬಂದು, ಸೂತ್ರಕ್ಕೆ ಅರ್ಥವೇ ಇಲ್ಲದಂತಾಗಿ, ಬಹುಶಃ ಅದನ್ನು ಅಲ್ಲಿಗೇ ಕೈಬಿಡುತ್ತಾರೆ.

ಹವಾಮಾನದ ಸುದ್ದಿಗೂ ಈ ಮಾತು ಅನ್ವಯಿಸುತ್ತದೆ. 2015ರ ಪ್ಯಾರಿಸ್ ಒಪ್ಪಂದದಲ್ಲಿ ಹೇಳಿರುವ 1.5 ಡಿಗ್ರಿ ಸೆಲ್ಸಿಯಸ್ ಏರಿಕೆ ಫ್ಯಾರನ್‌ಹೀಟ್‌ನಲ್ಲಿ 2.7, ಸೂತ್ರಕ್ಕೆ ಸುಮ್ಮನೆ ಹಾಕಿದರೆ 34.7 ಬರುತ್ತದೆ. ಅಂತರ ಚಿಕ್ಕದಾದಷ್ಟೂ ತಪ್ಪು ದೊಡ್ಡದಾಗಿ ಕಾಣುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಇಷ್ಟು. ವಿದೇಶಿ ಸುದ್ದಿಸಂಸ್ಥೆಗಳ ತಂತ್ರಜ್ಞಾನದ ಬರಹಗಳನ್ನು ಕನ್ನಡಕ್ಕೆ ತರುವ ತಮ್ಮ ಸಿಬ್ಬಂದಿ, ಏರಿಕೆ, ಇಳಿಕೆ, ಅಂತರ, ಹೆಚ್ಚು, ಕಡಿಮೆ ಎಂಬ ಮಾತುಗಳ ಪಕ್ಕದಲ್ಲಿ ಡಿಗ್ರಿ ಬಂದಾಗಲೆಲ್ಲ 32ನ್ನು ದೂರವಿಡಬೇಕು. ಸಾಧ್ಯವಾದರೆ ಕನ್ನಡ ಓದುಗರಿಗೆ ಫ್ಯಾರನ್‌ಹೀಟ್ ಅಂಕಿಯನ್ನು ಕೊಡುವುದನ್ನೇ ಬಿಟ್ಟು ಸೆಲ್ಸಿಯಸ್ ಒಂದನ್ನೇ ಕೊಡಬಹುದು. ಯಾವುದೇ ಕೂಲರ್, ಫ್ಯಾನ್, ಪ್ಯಾಡ್‌ಗಳ ಬಗ್ಗೆ ಬರೆಯುವಾಗ ಪರೀಕ್ಷೆ ನಡೆದ ಕೋಣೆಯ ತಾಪಮಾನವನ್ನು ತಪ್ಪದೆ ನಮೂದಿಸಬೇಕು. ಶಾಲಾ ಕಾಲೇಜುಗಳಲ್ಲಿ ಕಂಪ್ಯೂಟರ್ ಕೋಣೆಗಳಿಗೆ ಅಂದಾಜುಪಟ್ಟಿ ತಯಾರಿಸುವ ಅಧಿಕಾರಿಗಳೂ ಗುತ್ತಿಗೆದಾರರೂ ಗಾಳಿಯ ಲೆಕ್ಕವನ್ನು ಒಮ್ಮೆ ಸೆಲ್ಸಿಯಸ್ ಸೂತ್ರದಿಂದ, ಒಮ್ಮೆ ಫ್ಯಾರನ್‌ಹೀಟ್ ಸೂತ್ರದಿಂದ ಮಾಡಿ ಎರಡೂ ಹೊಂದುತ್ತವೆಯೇ ಎಂದು ನೋಡಿಕೊಂಡ ಮೇಲೆಯೇ ಸಹಿ ಹಾಕಬೇಕು. ಐದು ನಿಮಿಷವೂ ಹಿಡಿಯದ ಕೆಲಸವದು. ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು ಮಾಪಕಗಳ ಪರಿವರ್ತನೆಯನ್ನು ಕಲಿಸುವ ದಿನ ‘41 ಡಿಗ್ರಿ ಸೆಲ್ಸಿಯಸ್ ಎಷ್ಟು ಫ್ಯಾರನ್‌ಹೀಟ್?’ ಎಂದು ಕೇಳಿದ ಕೂಡಲೇ ‘ನಿನ್ನೆಗಿಂತ ಇಂದು 3 ಡಿಗ್ರಿ ಸೆಲ್ಸಿಯಸ್ ಹೆಚ್ಚು ಎಂದರೆ ಎಷ್ಟು ಫ್ಯಾರನ್‌ಹೀಟ್ ಹೆಚ್ಚು?’ ಎಂಬ ಎರಡನೆಯ ಪ್ರಶ್ನೆಯನ್ನೂ ಕೇಳಿ, 5.4 ಎಂಬ ಉತ್ತರ ಮಕ್ಕಳಿಂದಲೇ ಬರುವವರೆಗೆ ಕಾಯಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓದುಗ, ರಾಯಚೂರು